ಒಳಗೆ ಬಾರಪ್ಪ ಗುಂಡು

ತುಂಗಭದ್ರೆಯ ನಡುಗಡ್ಡೆಯೊಂದರ ನೆತ್ತಿಯ ಮೇಲೆ ಆನೆಗಾತ್ರದ ಗುಂಡೊಂದಿದೆ. ಅದಕ್ಕೆ ಉದ್ದನೆಯ ಚಪ್ಪಡಿಗಳನ್ನು ಓರೆಯಾಗಿ ಒರಗಿಸಿ ಹಿಂದಿನವರು ತಂಗಲು ಮಾಡೊಂದನ್ನು ಕಟ್ಟಿದ್ದಾರೆ. ಬಾಗಿಲಿಲ್ಲ, ಬೀಗವಿಲ್ಲ, ಬಾಡಿಗೆ ಕೇಳುವವರಿಲ್ಲ. ಮೀನು ಹಿಡಿಯುವವರು, ಹರಿಗೋಲಿನವರು, ಈಚೆಗೆ ಬೆನ್ನಿಗೆ ಚೀಲ ಏರಿಸಿಕೊಂಡು ಬರುವ ಪೇಟೆಯವರು, ಯಾರು ಬೇಕಾದರೂ ಒಳಗೆ ಮೈ ಚಾಚಬಹುದು. ಜನ ಇದನ್ನು 'ಒಳಗೆ ಬಾರಪ್ಪ ಗುಂಡು' ಎನ್ನುತ್ತಾರೆ. ಹೆಸರು ಕೇಳಿ ನಗುವವರುಂಟು. ನಗಲಿ, ಪಾಪ, ಅವರಿಗೇನು ಗೊತ್ತು!

ಹಿಂದೆ ಒಮ್ಮೆ, ಹರಿಗೋಲಿಗೆ ಚರ್ಮ ಹೊದಿಸುತ್ತಿದ್ದ ಕಾಲದಲ್ಲಿ, ಅಂಬಿಗರ ಹುಲಿಗೆವ್ವ ತನ್ನ ತುಂಬು ಬಸುರಿ ಮಗಳು ನಿಂಗವ್ವನನ್ನು ಹೆರಿಗೆಗೆಂದು ಕರೆದೊಯ್ಯುತ್ತಿದ್ದಳಂತೆ. ಹುಲಿಗೆವ್ವ ಬೇರೆ ಹೊಳೆಯವಳು, ಇಲ್ಲಿಯ ರೀತಿ ಅರಿಯದವಳು. ನೆನೆದು ಮೆತ್ತಗಾದ ಹರಿಗೋಲನ್ನು ಒಣಗಿಸಲು ಗಡ್ಡೆಗೆ ಹತ್ತಿದಾಗಲೇ ಮಳೆ ಹಿಡಿಯಿತು. ಮಾಡಿನೊಳಗೆ ಹೊಕ್ಕು ನೋಡುತ್ತಾಳೆ, ಒಣ ಕಟ್ಟಿಗೆ ಒಪ್ಪವಾಗಿ ಒಟ್ಟಿದೆ, ಬೂದಿ ಇನ್ನೂ ಬೆಚ್ಚಗಿದೆ! ಇಂಥ ಮಳೆಗಾಲದಲ್ಲಿ ಒಣ ಕಟ್ಟಿಗೆಯನ್ನು ಯಾವ ಪುಣ್ಯಾತ್ಮ ಪುಕ್ಕಟೆ ಬಿಟ್ಟು ಹೋಗುತ್ತಾನೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ಇದು ಕಳ್ಳರು ಒಡ್ಡಿದ ಬಲೆಯೇ ಸೈ ಎಂದುಕೊಂಡಳು. ಮಗಳು ನಡುಗುತ್ತಿದ್ದರೂ ಒಂದು ಕಡ್ಡಿಯನ್ನೂ ಮುಟ್ಟಗೊಡಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಹರಿಗೋಲು ಬೋರಲು ಹಾಕಿಕೊಂಡು, ಕಂಕುಳಲ್ಲಿ ಕಟ್ಟಿಗೆಯ ಹೊರೆ ಅವುಚಿಕೊಂಡು ಒಬ್ಬ ಆಳು ಬಂದ. ಸರಿ, ಬಲೆ ಒಡ್ಡಿದವನೇ ಬಂದ! ಹುಲಿಗೆವ್ವ ಹುಟ್ಟು ಎತ್ತಿ ಅಡ್ಡ ನಿಂತಳು. "ಒಂದು ಹೆಜ್ಜಿ ಮುಂದಿಟ್ಟರೆ ತಲಿ ಒಡೀತೀನಿ!"

"ಬದೀಗೆ ಕುಂದುರ್ತೀನಿ ಬೇ ಯವ್ವಾ," ಎಂದ ಅವನು. ಆಕೆ ಜಗ್ಗಲಿಲ್ಲ. ಅವನು ಕೆಳಗಿನ ಹಾಸುಬಂಡೆಗಿಳಿದು ಹರಿಗೋಲಿನಡಿ ಮುದುಡಿ ಕುಳಿತ. ನೋಡು, ನಾವು ಯಾವಾಗ ಮೈಮರೀತೀವೋ ಅಂತ ಕಾಯ್ತಾನೆ, ಎಂದು ಹುಲಿಗೆವ್ವ ಹಲ್ಲು ಕಡಿದಳು.

ಮೇಲೆ ಎಲ್ಲಿಯೋ ಸುರಿದ ಮಳೆಗೆ ಹೊಳೆ ಏರಿತು. "ಯವ್ವಾ, ನೀರು ಮೊಳಕಾಲಿಗೆ ಬಂತು, ಬರ್ಲೇನು?" ಎಂದು ಅವನು ಕೂಗಿದ. ಗಡ್ಡೆಯಲ್ಲಿ ಎತ್ತರದ ಜಾಗವೆಂದರೆ ಈ ಮಾಡು ಒಂದೇ. "ಬರಲಿ ಬಿಡವ್ವಾ," ಎಂದು ನಿಂಗವ್ವ ಅಂಗಲಾಚಿದಳು. "ನಿನ್ನ ಹೊಟ್ಟ್ಯಾಗಿನ ಕೂಸಿಗಾಗೇ ಬ್ಯಾಡ ಅನ್ನೋದು!" ಎಂದು ತಾಯಿ ಗದರಿದಳು. ಅವನು ತನ್ನ ಕಟ್ಟಿಗೆಯ ಹೊರೆಯನ್ನು ಮೇಲಕ್ಕೆಸೆದು, "ಬಸುರಿ ಹೆಣ್ಮಗಳು, ಬೆಂಕಿ ಹಾಕ್ಕೊಳ್ರಿ," ಎಂದ. ಮುಂದಿನ ಸೆಳವಿಗೆ ಹರಿಗೋಲೂ ಇಲ್ಲ, ಆಳೂ ಇಲ್ಲ.

ಮರುದಿನ ಹೊಳೆ ಇಳಿದ ಮೇಲೆ ಬಂದ ಮೀನುಗಾರ ಮುದುಕ ಮೊದಲು ಮಾಡಿದ ಕೆಲಸವೆಂದರೆ ಹಿಡಿ ಕಟ್ಟಿಗೆಯನ್ನು ಒಟ್ಟಿಲಿಗೆ ಸೇರಿಸಿದ್ದು. "ಯಾರಿಗಪ್ಪಾ ಇದು?" ಎಂದು ಹುಲಿಗೆವ್ವ ಕೇಳಿದಳು. "ಮುಂದ ಬರೋರಿಗೆ. ನಮ್ಮ ಹೊಳ್ಯಾಗ ಎಲ್ಲರೂ ಹಿಂಗೇ ಇಟ್ಟು ಹೋಗ್ತೀವಿ," ಎಂದ ಮುದುಕ. ಹುಲಿಗೆವ್ವ ಅಲ್ಲೇ ಕುಸಿದು, ಎದೆ ಎದೆ ಬಡಿದುಕೊಂಡು ಅತ್ತಳು. ಅವನ ಹೆಸರನ್ನೂ ಕೇಳಿರಲಿಲ್ಲ ಆಕೆ.

ಮೊಮ್ಮಗಳ ಮುಖ ನೋಡಿದ ಮೇಲೆ ಆಕೆ ಈ ಗುಂಡಿನ ಮಾಡಿಗೇ ಮರಳಿ ಬಂದು ಉಳಿದಳಂತೆ. ಹೊಳೆಯಲ್ಲಿ ಯಾವ ತಲೆ ಕಂಡರೂ "ಒಳಗೆ ಬಾರಪ್ಪಾ!" ಎಂದು ಕರೆಯುತ್ತಿದ್ದಳಂತೆ.

ಇಂದಿಗೂ ಇಲ್ಲಿ ಒಣ ಕಟ್ಟಿಗೆಗೆ ಬರವಿಲ್ಲ. ಮೋಡ ಕವಿದಾಗ ಅಪರಿಚಿತನೊಬ್ಬ ಬಂದು ನಿಂತರೆ ಒಳಗಿದ್ದವರು ಸರಿದು ಜಾಗ ಮಾಡಿ ಕರೆಯುತ್ತಾರೆ. ಕೆಲವರು ತಮ್ಮ ಗಂಟನ್ನು ತೊಡೆಯಡಿ ಒತ್ತಿ ಹಿಡಿದುಕೊಂಡೇ ಕರೆಯುತ್ತಾರೆ. ಆದರೂ ಕರೆಯುತ್ತಾರೆ.