ಮಂತ್ರಿ ಕಿವಿಯಲ್ಲಿ ಹೇಳಿದ ಮಾತು

ಬಾಗಿಲು ಮುಂದಕ್ಕೆ ಹಾಕ್ರೇ. ಹತ್ತಿರ ಬನ್ನಿ, ಇನ್ನೂ ಹತ್ತಿರ. ಈ ಮಾತು ಹೊಸಿಲು ದಾಟಿತೋ, ನಿಮ್ಮ ನಾಲಿಗೆ ಸೇದಿಹೋಗಲಿ!

ದೂರದಲ್ಲೊಂದು ರಾಜ್ಯ ಇತ್ತು. ಅದಕ್ಕೆ ಮೂರು ಸೀಮೆ. ಗುಡ್ಡದ್ದು, ಹೊಳೇದು, ಬಯಲಿಂದು. ಸೀಮೆಗೊಬ್ಬ ಯಜಮಾನ, ಜನ ಕೈಯೆತ್ತಿ ಆರಿಸಿದವರು. ವರ್ಷಕ್ಕೊಮ್ಮೆ ಮೂವರೂ ಕೂಟ ಸೇರಬೇಕು, ಒಂದೇ ಗಡಿಗೇಲಿ ಬೇಯಿಸಿ ಉಣ್ಣಬೇಕು, ರಾಜ್ಯದ ಕಷ್ಟಸುಖ ಮಾತಾಡಬೇಕು. ಹಿಂದಿನವರ ಕಟ್ಟಳೆ. ಇವರು ಏನು ಮಾಡಿದರು? ಮೊದಲ ಮುದ್ದೆ ಯಾರ ಎಲೆಗೆ ಅಂತ ಕಿತ್ತಾಡಿ ಕೂಟವನ್ನೇ ಬಿಟ್ಟರು. ಥೂ, ಇವರ ಯಜಮಾನಿಕೆಗೆ ಬೆಂಕಿ ಬೀಳ!

ರಾಜನ ಮಂತ್ರಿ ಇದಕ್ಕೇ ಕಾದಿದ್ದ. ತನ್ನ ಕುದುರೆ ಮೇಯಿಸೋಕೆ ಜನರ ಗೋಮಾಳದ ಮೇಲೆ ಅವನ ಕಣ್ಣು.

ಗುಡ್ಡದ ಮುದ್ದೀರಯ್ಯನ ಕಿವಿಯಲ್ಲಿ ಅಂದ, "ಮಿಕ್ಕಿಬ್ಬರೂ ಗೋಮಾಳ ಕೊಟ್ಟಾಯ್ತು. ರಾಜರ ಅಪ್ಪಣೆ. ಯಾರಿಗೂ ಹೇಳಬೇಡ."

ಮುದ್ದೀರಯ್ಯ ಹೂಂ ಅಂದ. ಬೇಲಿ ಬಿತ್ತು. ದನ ಬೇಲಿ ಆಚೆ ನಿಂತು ಅಂಬಾ ಅಂದವು.

ಹೊಳೆಯ ಕರಿಹೈದನ ಕಿವಿಯಲ್ಲೂ ಅದನ್ನೇ ಅಂದ. ಅವನೂ ಹೂಂ ಅಂದ. ಅಲ್ಲೂ ಬೇಲಿ ಬಿತ್ತು.

ಬಯಲಿನ ಯಜಮಾನಿ ಹೊನ್ನಾಜಮ್ಮ. ಅವಳ ಕಿವಿಯಲ್ಲೂ ಅಂದ.

"ಏನಂದ್ರಿ ಬುದ್ಧಿ?"

ಮತ್ತೆ ಅಂದ.

"ಏನಂದ್ರಿ? ನನಗೆ ಕಿವಿ ಮಂದ. ನಾಳೆ ಹೊತ್ತಾರೆ ಕಣಕ್ಕೆ ಬಂದು ಜೋರಾಗಿ ಹೇಳಿ."

ಅವನು ಹೋದದ್ದೇ ತಡ, ಮಿಕ್ಕಿಬ್ಬರು ಯಜಮಾನರನ್ನೂ ಕರೆಸಿ ಕೇಳಿದಳು.

"ಗೋಮಾಳ ಕೊಟ್ಟಿರಾ?"

"ನೀನೇ ಮೊದಲು ಕೊಟ್ಟೆಯಂತಲ್ಲವ್ವ!"

"ನಾನಾ? ನಿಮ್ಮ ಬಾಯಿಗೆ ಮಣ್ಣು ಹಾಕ! ನೀವು ತಲೆಯಾಡಿಸಲಿ ಅಂತಲಾ ಜನ ಕೈಯೆತ್ತಿದ್ದು? ಒಬ್ಬರನ್ನೊಬ್ಬರು ಒಂದು ಮಾತು ಕೇಳೋಕೆ ಏನು ರೋಗ ಬಂದಿತ್ತು?"

ಇಬ್ಬರೂ ತಲೆ ತಗ್ಗಿಸಿದರು. ಮೂವರೂ ಕೂಡಿ ಅರಮನೆಗೆ ಹೋದರು. ಒಬ್ಬರೇ ಹೋಗಿದ್ದರೆ ಬಾಗಿಲು ಕಾಯೋನೇ ಅಟ್ಟುತ್ತಿದ್ದ. ಮೂರು ಸೀಮೆ ಒಟ್ಟಿಗೆ ಬಂದರೆ ಯಾರು ತಡೀತಾರೆ? ರಾಜನನ್ನೇ ಕರೆತಂದು ಕಣದ ಹುಲ್ಲುಮೆದೆ ಹಿಂದೆ ಕೂರಿಸಿದರು.

ಹೊತ್ತಾರೆ ಮಂತ್ರಿ ಬಂದ, ಗಂಟಲು ಹರಿಯೋ ಹಾಗೆ ಕೂಗಿದ, "ಅವರಿಬ್ಬರೂ ಕೊಟ್ಟಾಯ್ತು! ರಾಜರ ಅಪ್ಪಣೆ!"

"ಯಾವ ಅಪ್ಪಣೆಯೋ?" ಕಿರೀಟದ ತುಂಬ ಹುಲ್ಲು ಮೆತ್ತಿಕೊಂಡು ರಾಜ ಎದ್ದು ಬಂದ.

ಬೇಲಿಯ ಗೂಟಗಳನ್ನು ಮಂತ್ರಿ ಕೈಯಲ್ಲೇ ಕೀಳಿಸಿದರು. ಈಗ ಅವನು ಅದೇ ಗೋಮಾಳದಲ್ಲಿ ದನ ಕಾಯ್ತಾನೆ, ಸಗಣಿ ಬಾಚ್ತಾನೆ. ಹಂಗೇ ಆಗಬೇಕು ಅವನಿಗೆ! ಯಜಮಾನರು ಮತ್ತೆ ಕೂಟ ಸೇರಿದರು. ಮೊದಲ ಮುದ್ದೆ ಹೊನ್ನಾಜಮ್ಮನ ಎಲೆಗೆ.

ನೀತಿ ಇಷ್ಟೇ: ಯಾರಿಗೂ ಹೇಳಬೇಡ ಅಂತ ಕಿವಿಯಲ್ಲಿ ಬಂದ ಮಾತನ್ನು ನಾಲ್ಕು ಜನರ ಮುಂದೆ ಜೋರಾಗಿ ಆಡಬೇಕು. ಆಗ ಸುಳ್ಳು ನಿಲ್ಲಲ್ಲ.

ಇಷ್ಟು ಹೇಳಿದ್ದಕ್ಕೆ ಪಕ್ಕದ ಮನೆ ದ್ಯಾವೀರಿ ಎದ್ದು ನಿಂತು ನನ್ನ ಮುಖಕ್ಕೇ ಅಂದಳಲ್ಲ: "ಹಂಗಾದ್ರೆ ಬಾಗಿಲು ತೆಗಿ ಅಜ್ಜಿ. ನನ್ನ ಸೊಸೆ ವಿಷಯ ಮನೆಮನೆಗೂ ಕಿವಿಯಲ್ಲಿ ಊದಿಬಂದೆಯಲ್ಲ, ಅದನ್ನೂ ಬೀದೀಲಿ ನಿಂತು ಜೋರಾಗಿ ಹೇಳು."