ಬಿಸಿಕಟ್ಟೆಯ ಬಿರುಕು

ಪರಮಪೂಜ್ಯ ಶರಣಾಂಬೆ ತಾಯಿಯವರು ಬೋಳೆಗಾಂವದ ಊರಾಚೆ, ಯಾವುದೋ ಕಾಲದ ಪಾಳುಬಿದ್ದ ಧರ್ಮಶಾಲೆಯಲ್ಲಿ ವಾಸವಾಗಿದ್ದರು. ಕಲ್ಲಿನ ಎರಡು ಕೋಣೆ, ಒಂದು ಪಡಸಾಲೆ, ಬೆಳಗಿನಿಂದ ರಾತ್ರಿಯವರೆಗೆ ಆರದ ದಾಸೋಹದ ಒಲೆ, ಇಷ್ಟೇ ಅವರ ಮಠ. ಉಡಲು ಎರಡು ಬಿಳಿಯ ಸೀರೆ, ಹೊದೆಯಲು ಒಂದು ಕಂಬಳಿ. ಆ ಕಂಬಳಿಯೂ ಚಳಿಗಾಲದಲ್ಲಿ ತಾಯಿಯವರ ಮೈಮೇಲೆ ಇದ್ದುದನ್ನು ಕಂಡವರು ಕಡಿಮೆ. ಯಾರಾದರೂ ನಡುಗುತ್ತ ಬಂದರೆ ಅದು ಅವರ ಹೆಗಲಿಗೆ ಹೋಗುತ್ತಿತ್ತು.

ಬೀದರ ಕಡೆಯ ಚಳಿ ಬಲ್ಲವರೇ ಬಲ್ಲರು. ಹಗಲು ಬಿಸಿಲಿದ್ದರೂ ಸಂಜೆಯಾಗುತ್ತಲೇ ಕಲ್ಲಿನ ಗೋಡೆಗಳು ಕೊರೆಯತೊಡಗುತ್ತವೆ. ಹೊಲವಿದ್ದವರಿಗೆ ತೊಗರಿ ಕಟ್ಟಿಗೆಯುಂಟು, ದನವಿದ್ದವರಿಗೆ ಕುಳ್ಳುಂಟು. ಎರಡೂ ಇಲ್ಲದವರಿಗೆ ಒಂದು ಹೊತ್ತಿನ ರೊಟ್ಟಿಗಾಗುವಷ್ಟು ಪುಳ್ಳೆ ಆಯ್ದು ತರುವುದರೊಳಗೆ ಹೊತ್ತು ಮುಳುಗುತ್ತಿತ್ತು. ಮೈ ಕಾಯಿಸಿಕೊಳ್ಳುವ ಮಾತೆಲ್ಲಿಂದ ಬರಬೇಕು? ಪ್ರತಿ ಚಳಿಗಾಲದಲ್ಲೂ ಕೂಲಿಯವರ ಓಣಿಯಲ್ಲಿ ಇಬ್ಬರೋ ಮೂವರೋ ಮುದುಕರು ಕೆಮ್ಮಿ ಕೆಮ್ಮಿ ತೀರಿಹೋಗುತ್ತಿದ್ದರು. ವಯಸ್ಸಾಗಿತ್ತು ಬಿಡು ಎಂದು ಊರು ಸಮಾಧಾನ ಮಾಡಿಕೊಳ್ಳುತ್ತಿತ್ತು. ತಾಯಿಯವರಿಗೆ ಮಾತ್ರ ಆ ಸಮಾಧಾನ ಬರಲಿಲ್ಲ.

ಮಠದ ಒಲೆಯ ಸೇವೆ ಬಸಲಿಂಗಮ್ಮನದು. ಮಠದ್ದೇನು, ಊರಿನ ಯಾವ ಮನೆಯ ಒಲೆಯಾದರೂ ಅವಳ ಕೈಯಿಂದಲೇ ಆಗಬೇಕಿತ್ತು. ಅವಳು ಹಾಕಿದ ಒಲೆ ಹೊಗೆ ಕಾರುತ್ತಿರಲಿಲ್ಲ, ಬಿರುಕು ಬಿಡುತ್ತಿರಲಿಲ್ಲ. ಒಲೆ ಹಾಕಿದವಳಿಗೆ ಉಡಿ ತುಂಬಿ, ಮೊದಲ ಉರಿಯನ್ನು ಅವಳ ಕೈಯಿಂದಲೇ ಹೊತ್ತಿಸುವುದು ಅಲ್ಲಿನ ಪದ್ಧತಿ. ಇಪ್ಪತ್ತು ವರ್ಷ ಮಠದ ಒಲೆಯ ಮೊದಲ ಉರಿ ಬಸಲಿಂಗಮ್ಮನದೇ ಆಗಿತ್ತು. ತಾಯಿಯವರು ತನ್ನವರು ಎಂಬ ಹೆಮ್ಮೆ ಅವಳಿಗೆ. ಭಕ್ತಿ ಅವಳದು ನಿಜವೇ, ಆದರೆ ಆ ಭಕ್ತಿಗೆ ಪಾಲುದಾರರು ಬೇಕಿರಲಿಲ್ಲ.

ಆ ವರ್ಷ ಕೂಲಿಯವರ ಓಣಿಗೆ ಜಗದೇವಿ ಎಂಬ ಸೊಸೆ ಬಂದಳು. ಕೆಂಪು ಮಣ್ಣಿನ ಸೀಮೆಯವಳು, ಇಟ್ಟಂಗಿ ಭಟ್ಟಿಯಲ್ಲಿ ದುಡಿದು ಬೆಳೆದವಳು. ಭಟ್ಟಿಯ ಹೊಗೆ ಹಾಯುವ ದಾರಿಯ ಮೇಲಿನ ನೆಲ ಬೆಳಗಾಗುವತನಕ ಬೆಚ್ಚಗಿರುತ್ತದೆಂದೂ, ಚಳಿಗಾಲದಲ್ಲಿ ತಾವೆಲ್ಲ ಅದರ ಮೇಲೆಯೇ ಮಲಗುತ್ತಿದ್ದೆವೆಂದೂ ಒಮ್ಮೆ ದಾಸೋಹದಲ್ಲಿ ಕೂತು ಹೇಳಿದಳು. ತಾಯಿಯವರು ಊಟ ಬಿಟ್ಟು ಕೇಳಿದರು. ದಾಸೋಹದ ಒಲೆ ಹೇಗಿದ್ದರೂ ಉರಿಯುತ್ತದೆ. ಅದರ ಹೊಗೆಯನ್ನು ಪಡಸಾಲೆಯ ಉದ್ದಕ್ಕೂ ಒಂದು ಕಟ್ಟೆಯ ಹೊಟ್ಟೆಯೊಳಗಿಂದ ಹಾಯಿಸಿ ಗೋಡೆಯಾಚೆ ಬಿಟ್ಟರೆ, ಒಂದು ಕಡ್ಡಿ ಹೆಚ್ಚು ಸುಡದೆ ಹತ್ತು ಜನ ಬೆಚ್ಚಗೆ ಮಲಗಬಹುದು. ಕಟ್ಟೆ ಕಟ್ಟುವ ಕೆಲಸವನ್ನು ತಾಯಿಯವರು ಜಗದೇವಿಗೇ ಒಪ್ಪಿಸಿದರು.

ಬಸಲಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಬಂದವಳು! ತಾಯಿಯವರು ದಿನಕ್ಕೆ ಎಷ್ಟು ಸಲ ಆ ಹೆಸರು ಕರೆಯುತ್ತಾರೆ, ಅವಳ ರೊಟ್ಟಿಯ ಮೇಲೆ ಎಷ್ಟು ಶೇಂಗಾ ಚಟ್ನಿ ಬೀಳುತ್ತದೆ, ಎಲ್ಲ ಬಸಲಿಂಗಮ್ಮನ ಕಣ್ಣಿಗೆ ಬೀಳತೊಡಗಿತು. ಮನೆಗೆ ಹೋದರೂ ಅದೇ, ಹಾಸಿಗೆಯಲ್ಲೂ ಅದೇ.

ಜಗದೇವಿ ಮಣ್ಣು ಕಲಸುವ ದಿನ ಬಸಲಿಂಗಮ್ಮ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಹುಡುಗಿ ಹೊಲದ ಕಪ್ಪು ಎರೆಮಣ್ಣು ತಂದು ತುಳಿಯುತ್ತಿದ್ದಳು. ಕೆಂಪು ಮಣ್ಣಿನ ಸೀಮೆಯವಳಿಗೆ ಏನು ಗೊತ್ತು? ಎರೆಮಣ್ಣು ಹಸಿಯಿದ್ದಾಗ ಬೆಣ್ಣೆ, ಬಿಸಿ ತಾಗಿದರೆ ಬಾಯಿ ಬಿಡುತ್ತದೆ. ಒಲೆಗೆ ಹುತ್ತದ ಮಣ್ಣು ಬೇಕು, ಅದಕ್ಕೆ ಕತ್ತೆಯ ಲದ್ದಿ, ಜೋಳದ ಹೊಟ್ಟು ಕೂಡಿಸಿ ವಾರಗಟ್ಟಲೆ ಕೊಳೆಸಬೇಕು. ಬಸಲಿಂಗಮ್ಮನ ಹಿತ್ತಿಲ ಗುಂಡಿಯಲ್ಲಿ ಅಂಥ ಮಣ್ಣು ಸದಾ ತಯಾರಿರುತ್ತಿತ್ತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವಳು ಹೇಳಲಿಲ್ಲ.

ಎಂಟು ದಿನ ಕಟ್ಟೆ ಚೆನ್ನಾಗಿ ನಡೆಯಿತು. ಕೂಲಿಯವರ ಓಣಿಯ ಮುದುಕ ಮುದುಕಿಯರೆಲ್ಲ ಸಂಜೆಗೇ ಬಂದು ಕಟ್ಟೆಯೇರಿದರು. ಪ್ರತಿವರ್ಷ ಈ ಹೊತ್ತಿಗೆ ಕೆಮ್ಮು ಹಿಡಿದು ಮೂಲೆ ಸೇರುತ್ತಿದ್ದ ಸಾಬವ್ವ ಎಂಬ ಕಣ್ಣು ಮಂಜಾದ ಮುದುಕಿ ಕೂಡ ಕೂತು ಹಾಡು ಹೇಳುವಷ್ಟು ಗೆಲುವಾದಳು. ಒಂಬತ್ತನೆಯ ದಿನ ಕಟ್ಟೆ ಬಿರುಕು ಬಿಟ್ಟಿತು. ಪಡಸಾಲೆಯ ತುಂಬ ಹೊಗೆ. ಜಗದೇವಿ ಮತ್ತೆ ಎರೆಮಣ್ಣೇ ಮೆತ್ತಿದಳು, ಅದೂ ಬಿರಿಯಿತು. ಜನ ಕಣ್ಣೊರೆಸಿಕೊಳ್ಳುತ್ತ ತಮ್ಮ ತಮ್ಮ ತಣ್ಣನೆಯ ಮನೆಗಳಿಗೆ ಹೋದರು. ಬಸಲಿಂಗಮ್ಮನಿಗೆ ಆ ದಿನ ಹಾಲು ಕುಡಿದಷ್ಟು ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದೇಕೆ?

ಎಳ್ಳಮಾವಾಸ್ಯೆ ಕಳೆದ ಮೂರನೆಯ ದಿನ ಸಾಬವ್ವನಿಗೆ ಎದೆ ಕಟ್ಟಿತು. ಜ್ವರ ಏರಿತು. ದವಾಖಾನೆಯ ಡಾಕ್ಟರು ಔಷಧ ಕೊಟ್ಟು, ಬೆಚ್ಚಗಿನ ಜಾಗದಲ್ಲಿ ಮಲಗಿಸಿ, ಇಲ್ಲವಾದರೆ ಮುದುಕಿ ಉಳಿಯುವುದು ಕಷ್ಟ ಎಂದು ಹೇಳಿ ಕಳಿಸಿದರು. ಅವಳ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಹರಕು ಕೌದಿಯೊಂದೇ.

ಇದೇ ತಕ್ಕ ಸಮಯವೆಂದು ಬಸಲಿಂಗಮ್ಮ ಬೆಳಗ್ಗೆಯೇ ಮಠಕ್ಕೆ ಬಂದಳು. ತಾಯಿಯವರು ತಣ್ಣಗಾದ ಕಟ್ಟೆಯ ಬಳಿ ಕೂತು ಬಿರುಕಿನ ಮೇಲೆ ಕೈಯಾಡಿಸುತ್ತಿದ್ದರು. ಕಟ್ಟೆ ಕೆಡವಿಬಿಡಿ, ಹೊಗೆಯಿಂದ ನಾಳೆ ಇನ್ನೊಂದು ಜೀವ ಹೋದೀತು, ತಿಳಿಯದವರ ಕೈಗೆ ಕೆಲಸ ಕೊಟ್ಟರೆ ಹೀಗೇ, ನಾನು ಮೊದಲಿನಂತೆ ಒಲೆ ಹಾಕಿಕೊಡುತ್ತೇನೆ ಎಂದು ಅವಳು ಬಹಳ ಹೊತ್ತು ಹೇಳಿದಳು. ತಾಯಿಯವರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಅಂದರು:

"ಆಕಿ ಮಣ್ಣು ಕಲಸೂ ದಿನ ನೀ ಇಲ್ಲೇ ನಿಂತಿದ್ದಿ, ಬಸಲಿಂಗಿ."

ಬೈದಿದ್ದರೆ ಬಸಲಿಂಗಮ್ಮ ತಡೆದುಕೊಳ್ಳುತ್ತಿದ್ದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಒಳಗಿದ್ದುದು ಹೊರಗೆ ಬಿತ್ತು.

"ಆಕಿ ಬಂದಮ್ಯಾಲ ನಾ ನಿಮ್ಮ ಕಣ್ಣಿಗಿ ಬೀಳಲೇ ಇಲ್ಲಲ್ರೀ ತಾಯಿ."

"ಇಪ್ಪತ್ತು ವರ್ಷ ನಿನ್ನ ಒಲಿ ಮ್ಯಾಲಿನ ರೊಟ್ಟಿ ಉಂಡೀನಿ. ನಿನ್ನ ಹ್ಯಾಂಗ ಮರೀಲಿ?" ಎಂದರು ತಾಯಿಯವರು. "ಈಗ ಸಾಬವ್ವಗ ಚಳಿ ಆಗ್ಯಾದ. ಹೋಗು."

ಬಸಲಿಂಗಮ್ಮ ಹೋದಳು. ಹಿತ್ತಿಲ ಗುಂಡಿಯ ಮಣ್ಣನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಊರ ನಡುವಿನ ದಾರಿಯಲ್ಲೇ ನಡೆದು ಜಗದೇವಿಯ ಬಾಗಿಲಲ್ಲಿ ನಿಂತಳು. ಎರೆಮಣ್ಣು ಬಿಸಿಗೆ ನಿಲ್ಲುವುದಿಲ್ಲ, ಇದನ್ನು ಮೆತ್ತು ಎಂದು ಮುಖ ನೋಡದೆ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಹುಡುಗಿ ಕೇಳಬಹುದಿತ್ತು. ಕೇಳಲಿಲ್ಲ. ಅತ್ತಿ, ನೀವು ಬಂದಿರಲ್ಲ, ಸಾಕು ಎಂದು ಅವಳ ಕೈ ಹಿಡಿದುಕೊಂಡಳು. ಆ ಹಿಡಿತ ಬಸಲಿಂಗಮ್ಮನಿಗೆ ಚುಚ್ಚಿದಂತಾಯಿತು. ಇಬ್ಬರೂ ಮಠಕ್ಕೆ ಬಂದು ಮಧ್ಯಾಹ್ನದವರೆಗೆ ಹಳೆಯ ಮಣ್ಣನ್ನೆಲ್ಲ ಕೆರೆದು ತೆಗೆದು ಹೊಸ ಮಣ್ಣು ಮೆತ್ತಿದರು. ಬಸಲಿಂಗಮ್ಮ ಬಂದಳು, ಮಠದ ಮಾನ ಉಳಿಸಿದಳು ಎಂದು ಸುತ್ತ ನೆರೆದ ಜನ ಹೊಗಳಿದರು. ಅವಳು ತಲೆ ಎತ್ತಲಿಲ್ಲ.

ಸಣ್ಣ ಉರಿಯಲ್ಲಿ ಕಟ್ಟೆಯನ್ನು ಒಣಗಿಸಿ, ಹೊತ್ತು ಇಳಿಯುವ ಮೊದಲು ಸಾಬವ್ವನನ್ನು ಕೌದಿಯ ಸಮೇತ ತಂದು ಮಲಗಿಸಿದರು. ಹೊಗೆಯ ಎಳೆಯೂ ಒಳಗೆ ಬರಲಿಲ್ಲ. ತುಸು ಹೊತ್ತಿಗೆ ಮುದುಕಿಯ ನಡುಕ ನಿಂತಿತು, ಉಸಿರು ಸಡಿಲವಾಯಿತು. ಅವಳು ಕಟ್ಟೆಯನ್ನು ಅಂಗೈಯಿಂದ ಸವರಿದಳು. ಊರಿನ ಒಲೆಗಳೆಲ್ಲ ಯಾರ ಕೈಯವೆಂದು ಅವಳಿಗೆ ಗೊತ್ತಿತ್ತಲ್ಲ, ಇದೂ ಅದೇ ಕೈಯದೆಂದುಕೊಂಡಳು!

"ಬಸಲಿಂಗೀ, ಎಂಥಾ ಕಟ್ಟಿ ಕಟ್ಟೀದೆವ್ವಾ. ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು.

ಪಡಸಾಲೆಯ ತುಂಬ ಜನ. ಜಗದೇವಿ ಪಕ್ಕದಲ್ಲೇ ಇದ್ದಳು, ನಕ್ಕು ಸುಮ್ಮನಾದಳು. ತಾಯಿಯವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು, ತಿರುಗಿ ನೋಡಲಿಲ್ಲ. ಇಷ್ಟು ದಿನ ಬಸಲಿಂಗಮ್ಮ ಯಾವ ಮಾತಿಗಾಗಿ ಒಳಗೊಳಗೇ ಬೆಂದಿದ್ದಳೋ ಆ ಮಾತು ಎಲ್ಲರ ಎದುರು, ತಾಯಿಯವರ ಕಿವಿಗೆ ಬೀಳುವಂತೆ ಬಂದಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು.

ಅವಳು ಮುದುಕಿಯ ಕಾಲ ಬಳಿ ಕುಸಿದು ಕೂತಳು.

"ನಂದಲ್ಲ ಆಯಿ. ಕಟ್ಟಿದ್ದು ಜಗದೇವಿ. ಒಡದದ್ದು ಅಷ್ಟ ನಂದು."

ರೊಟ್ಟಿ ಬಡಿಯುವ ಸದ್ದು ನಿಂತಿತು. ತಾಯಿಯವರು ಎದ್ದು ಬಂದು, ಹಿಟ್ಟು ಮೆತ್ತಿದ ಕೈಯಿಂದಲೇ ಬಸಲಿಂಗಮ್ಮನ ತಲೆ ಸವರಿದರು. ಅವಳು ಊರೆಲ್ಲ ನೋಡುತ್ತಿರುವಂತೆಯೇ ಮಗುವಿನ ಹಾಗೆ ಅತ್ತಳು.