ಗುರುಲಿಂಗಪ್ಪನವರು ಎತ್ತಿದ ಬಾಗಿಲು

ಹತ್ತಿರ ಬನ್ನಿ, ಮೆತ್ತಗೆ ಹೇಳ್ತೀನಿ. ನನ್ನ ಹೆಸರು ಮಾತ್ರ ಎಲ್ಲೂ ಬರಕೂಡದು.

ಪಕ್ಕದ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿಯೋ ವಿಮಲಾಕ್ಷಿ ಇದ್ದಾಳಲ್ಲ, ಅವಳ ಮನೆಯ ಪ್ಲಾಸ್ಟಿಕ್ ಚೌಕಟ್ಟಿನ ಮುಂಬಾಗಿಲು ಜೋತುಬಿದ್ದು ಹೊಸ್ತಿಲಿಗೆ ಉಜ್ಜುತ್ತಿತ್ತು. ಮನೆ ಓನರ್ ಗುರುಲಿಂಗಪ್ಪನವರು ಬಂದು ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದರು. "ಕೆಡಿಸಿದವಳು ನೀನು. ಹೊಸ ಬಾಗಿಲು ಹಾಕಿಸು, ಇಲ್ಲ ಮನೆ ಖಾಲಿ ಮಾಡು." ಈ ಬೀದಿ ಬಿಟ್ಟರೆ ಅವಳ ಗಿರಾಕಿಗಳೆಲ್ಲ ಕೈತಪ್ಪಿ ಹೋಗ್ತಾರೆ.

ಅವಳು ಎದುರಾಡಲಿಲ್ಲ. "ನಿಮ್ಮಂಥ ಗಟ್ಟಿ ಕೈಯವರು ಹಿಡಿಕೆ ಹಿಡಿದು ಸ್ವಲ್ಪ ಎತ್ತಿದರೆ ಸರಿಹೋದೀತು, ಸಾಹುಕಾರ್ರೇ" ಅಂದಳು. ಆಯಪ್ಪ ಹೊಟ್ಟೆ ಒಳಗೆಳಕೊಂಡು ಎತ್ತಿದರು. ಇವಳು ಸೆರಗಿನ ಮರೆಯಲ್ಲಿ ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಕೀಲಿನ ಸ್ಕ್ರೂ ಬಿಗಿ ಮಾಡಿಬಿಟ್ಟಳು. ನಾನು ಕಿಟಕಿಯಲ್ಲೇ ಇದ್ದೆ, ಎಲ್ಲ ಕಂಡೆ. ಬಾಗಿಲು ಸಲೀಸಾಗಿ ಮುಚ್ಚಿತು. "ಎಲ್ಲ ನಿಮ್ಮ ಕೈಗುಣ" ಅಂದಳು.

ಈಗ ಗುರುಲಿಂಗಪ್ಪನವರು ಟೀ ಅಂಗಡಿಯಲ್ಲಿ ಕೂತು ಬಾಗಿಲು ರಿಪೇರಿ ಪಾಠ ಮಾಡ್ತಾರೆ. ಮನೆ ಖಾಲಿ ಮಾಡಿಸೋ ಮಾತೇ ಇಲ್ಲ.

"ಮಾಡಿದವಳು ನೀನು, ಹೆಸರು ಅವರಿಗೆ ಯಾಕೆ ಕೊಟ್ಟೆಯೇ?" ಅಂತ ಕೇಳಿದೆ.

ನನ್ನ ಮುಖಕ್ಕೇ ಹೇಳಿದಳು: "ನಾನು ಸರಿ ಮಾಡಿದೆ ಅಂದಿದ್ದರೆ, ಕೆಡಿಸಿದವಳೂ ನಾನೇ ಆಗ್ತಿದ್ದೆ ಅಜ್ಜಿ. ಇನ್ನು ಅದು ಜೋತುಬಿದ್ದರೆ ಮರ್ಯಾದೆ ಹೋಗೋದು ಅವರದು. ಕರೆಯೋಕೆ ಮುಂಚೆ ಓಡಿ ಬರ್ತಾರೆ, ನೋಡ್ತಿರಿ."